ಕಾಯಿಲ್ ಕಡಿದರೆ, ಬತ್ತಿ ಹೊಗೆಯಾಡಿದರೆ

ಮನೆ ರಿಪೇರಿ: ಓದುಗರ ಪ್ರಶ್ನೆಗೆ ಉತ್ತರ. ಈ ಸಲ ಆರಿಸಿದ ನಾಲ್ಕೂ ಪತ್ರ ಕಾಯಿಲ್, ಬತ್ತಿಗಳದ್ದೇ.

ಹಳೇಹುಬ್ಬಳ್ಳಿಯಿಂದ: ನಮ್ಮನ್ಯಾಗ ಸಾವಿರ ವ್ಯಾಟಿನ ಕಾಯಿಲ್ ಒಲಿ ಐತ್ರಿ. ಕಾಯಿಲ್ ಕಡದಾಗೊಮ್ಮೆ ಎರಡೂ ತುದಿಗೆ ಕೊಕ್ಕಿ ಹಾಕಿ ಜೋಡಸ್ತೀವಿ. ಒಂದ್ ವಾರ ನಡೀತೈತಿ, ಮತ್ತ ಅಲ್ಲೇ ಕಡೀತೈತಿ. ಹೊಸಾದು ಹಾಕಿದ್ರ ಅದೂ ಎರಡು ತಿಂಗಳಿಗೆ ಹೋತು. ಯಾಕ್ರಿ?

ಉತ್ತರ: ಕೊಕ್ಕೆ ಹಾಕಿದ ಜಾಗವೇ ತೊಂದರೆಯ ಮೂಲ. ಕಾಯಿಲ್ ತಂತಿ ನೈಕ್ರೋಮ್, ಅಂದರೆ ನಿಕ್ಕಲ್ ಮತ್ತು ಕ್ರೋಮಿಯಂ ಬೆರಕೆ. ಕೆಂಪಗೆ ಕಾದಾಗ ಅದರ ಮೈಮೇಲೆ ಆಕ್ಸೈಡಿನ ತೆಳು ಪದರ ಕಟ್ಟುತ್ತದೆ. ತಂತಿ ಸುಟ್ಟುಹೋಗದಂತೆ ಕಾಯುವುದು ಆ ಪದರವೇ, ಆದರೆ ಅದರಲ್ಲಿ ಕರೆಂಟ್ ಸರಾಗ ಹರಿಯುವುದಿಲ್ಲ. ಹಳೆಯ ಎರಡು ತುದಿಗಳನ್ನು ಸಿಕ್ಕಿಸಿದರೆ ಪದರಕ್ಕೆ ಪದರ ತಾಗಿ, ಅಲ್ಲಿ ಕಿಡಿ ಹಾರಿ, ಆ ಒಂದು ಚುಕ್ಕೆ ಉಳಿದ ಭಾಗಕ್ಕಿಂತ ಹೆಚ್ಚು ಕಾಯುತ್ತದೆ. ಬೆಸುಗೆ ಹಾಕಿಸುತ್ತೇನೆ ಅನ್ನಬೇಡಿ. ರೇಡಿಯೋ ರಿಪೇರಿಯ ಸೀಸದ ಬೆಸುಗೆ 200 ಡಿಗ್ರಿಯೊಳಗೇ ಕರಗಿ ಸುರಿಯುತ್ತದೆ.

ಇನ್ನೊಂದು ಲೆಕ್ಕವಿದೆ. 230 ವೋಲ್ಟಿಗೆ 1000 ವ್ಯಾಟ್ ಬೇಕಾದರೆ ಕಾಯಿಲ್‌ನ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಸುಮಾರು 53 ಓಮ್ ಇರಬೇಕು. ಜೋಡಿಸುವಾಗೆಲ್ಲ ಸುಟ್ಟ ತುದಿ ಕತ್ತರಿಸುತ್ತೀರಿ, ತಂತಿ ಗಿಡ್ಡಾಗಿ ತಡೆ ಕಡಿಮೆಯಾಗುತ್ತದೆ. ಹತ್ತರಲ್ಲಿ ಒಂದು ಪಾಲು ಹೋದರೆ ಅದೇ ಒಲೆ 1110 ವ್ಯಾಟ್ ಎಳೆಯುತ್ತದೆ. "ಈಗ ಉರಿ ಜೋರೈತಿ" ಎಂದು ಖುಷಿಪಡುವ ದಿನವೇ ಅದರ ಆಯುಷ್ಯ ಮುಗಿಯುತ್ತ ಬಂದಿರುತ್ತದೆ. ವೋಲ್ಟೇಜ್ 250ಕ್ಕೆ ಏರಿದರೆ ಸರಿಯಾದ ಕಾಯಿಲ್ ಕೂಡ 1180 ವ್ಯಾಟ್ ಆಗುತ್ತದೆ. 200ಕ್ಕೆ ಇಳಿದರೆ 755, ಅನ್ನ ಬೇಯಲು ಹೆಚ್ಚು ಹೊತ್ತು ಹಿಡಿಯುತ್ತದೆ.

ಹೊಸ ಕಾಯಿಲ್ ಬೇಗ ಹೋಗುವುದು ಬಹುತೇಕ ಹಾಕುವ ರೀತಿಯಿಂದ. ಮೊದಲು ಪ್ಲಗ್ ಕಿತ್ತಿಡಿ. ಪಿಂಗಾಣಿ ತಟ್ಟೆಯ ತೋಡಿನುದ್ದಕ್ಕೂ ನೂಲೆಳೆ ಹಾಯಿಸಿ, ತೆಗೆದು ನೇರ ಮಾಡಿ ಅಳೆಯಿರಿ. ಅಂಗಡಿಯಿಂದ ತಂದ ಕಾಯಿಲ್ ಒತ್ತೊತ್ತಾಗಿ ಸುತ್ತಿರುತ್ತದೆ. ಒಂದು ತುದಿಯನ್ನು ಮೊಳೆಗೆ ಸಿಕ್ಕಿಸಿ, ಇನ್ನೊಂದನ್ನು ಹಿಡಿದು ನಿಧಾನವಾಗಿ, ಒಂದೇ ಸಮ ಎಳೆಯಿರಿ. ಕೈ ಬಿಟ್ಟ ಮೇಲೆ ನಿಲ್ಲುವ ಉದ್ದ ನೂಲಿನ ಅಳತೆಗೆ ಸರಿಹೋಗಬೇಕು. ಗಿಡ್ಡಾದರೆ ಬಿಗಿಯಿಂದ ತೋಡು ಬಿಟ್ಟು ಮೇಲೇಳುತ್ತದೆ, ಹೆಚ್ಚಾದರೆ ಬಾಗಿ ಹೊರಗೆ ಬರುತ್ತದೆ. ನಡುವೆ ಬೆರಳಿಟ್ಟು ಅಲ್ಲಲ್ಲಿ ಎಳೆದರೆ ಸುತ್ತುಗಳು ಒಂದೆಡೆ ದಟ್ಟ, ಒಂದೆಡೆ ವಿರಳ. ದಟ್ಟ ಇದ್ದಲ್ಲಿ ಬಿಳಿಗೆಂಪಾಗಿ ಕಾದು ಅಲ್ಲೇ ಕಡಿಯುತ್ತದೆ.

ತುದಿಗಳ ಕೆಲಸಕ್ಕೆ ಅವಸರ ಬೇಡ. ಕೊನೆಯ ಹತ್ತು ಸೆಂಟಿಮೀಟರ್ ನೇರ ಮಾಡಿ, ಮಡಚಿ, ಎರಡೆಳೆ ಹೊಸೆಯಿರಿ. ಎರಡೆಳೆಯಲ್ಲಿ ಕರೆಂಟ್ ಹಂಚಿಹೋಗುವುದರಿಂದ ಆ ಭಾಗ ಅಷ್ಟು ಕಾಯುವುದಿಲ್ಲ, ಸ್ಕ್ರೂ ಸುಡುವುದಿಲ್ಲ. ಅದಕ್ಕೆ ಪಿಂಗಾಣಿ ಮಣಿ ಪೋಣಿಸಿ, ಎರಡು ಹಿತ್ತಾಳೆ ವಾಷರ್‌ಗಳ ನಡುವೆ, ನಟ್ ತಿರುಗುವ ದಿಕ್ಕಿಗೇ ಸುತ್ತಿ ಬಿಗಿಯಿರಿ. ಒಮ್ಮೆ ಮಂದ ಕೆಂಪಾಗುವವರೆಗೆ ಕಾಯಿಸಿ, ಪ್ಲಗ್ ಕಿತ್ತು, ಪೂರ್ತಿ ಆರಿದ ಮೇಲೆ ನಟ್ ಮತ್ತೊಮ್ಮೆ ಬಿಗಿಯಿರಿ. ಈ ಎರಡನೇ ಬಿಗಿತವನ್ನು ಯಾರೂ ಮಾಡುವುದಿಲ್ಲ. ಎರಡು ತಿಂಗಳಿಗೆ ಹೋಗುವ ಕಾಯಿಲ್‌ಗಳು ಹೆಚ್ಚಾಗಿ ಅಲ್ಲೇ ಸಡಿಲಾಗಿ ಹೋದವು.

ಮೊದಲ ಸಲ ಕಾಯಿಸಲು ಕರೆಂಟ್ ಕೊಡುವ ಮುನ್ನವೇ ಮಲ್ಟಿಮೀಟರ್ ಹಿಡಿಯಿರಿ. ಪ್ಲಗ್ಗಿನ ಎರಡು ಸಣ್ಣ ಪಿನ್ನುಗಳ ನಡುವೆ 50ರಿಂದ 56 ಓಮ್ ಬರಬೇಕು. ಸಣ್ಣ ಪಿನ್ನಿಗೂ ದಪ್ಪ ಪಿನ್ನಿಗೂ ನಡುವೆ ಕರೆಂಟ್ ಹರಿಯುವ ದಾರಿಯೇ ಇರಬಾರದು, ಮೀಟರ್ ಸೊನ್ನೆ ಓಮ್ ಕೂಡ ತೋರಿಸಬಾರದು. ದಪ್ಪ ಪಿನ್ನಿನ ಅರ್ತಿಂಗ್ ವೈರ್ ಒಲೆಯ ತಗಡಿಗೆ ಗಟ್ಟಿಯಾಗಿ ಕೂತಿರಲಿ. ಬಯಲು ಕಾಯಿಲ್ಲಿನಲ್ಲಿ ಕರೆಂಟ್ ನೇರ ಹರಿಯುತ್ತಿರುತ್ತದೆ: ತಳ ಜೋತುಬಿದ್ದ ಅಲ್ಯೂಮಿನಿಯಂ ಪಾತ್ರೆ ತಾಗಿದರೂ, ಹಾಲು ಉಕ್ಕಿ ತೋಡಿಗಿಳಿದರೂ ಪಾತ್ರೆಯೇ ಶಾಕ್ ಹೊಡೆಯಬಹುದು.

ಹಾವೇರಿಯಿಂದ: ಹತ್ತು ಬತ್ತಿಯ ಸ್ಟೋಕ್ಕ ಹೊಸಾ ಬತ್ತಿ ಹಾಕೀವ್ರಿ. ಉರಿ ಹಳದಿ, ಪಾತ್ರಿ ತಳ ಪೂರಾ ಮಸಿ. ಚಿಮಣಿ ಎಣ್ಣಿ ಚಲೋದೇ ಐತಿ.

ಉತ್ತರ: ಎಣ್ಣೆ ಪೂರ್ತಿ ಸುಡದೆ ಉಳಿದ ಇಂಗಾಲವೇ ಹಳದಿ ಉರಿ, ಮಸಿ. ಮೊದಲು ತೂತಿನ ಡಬ್ಬಿಗಳು, ಒಳಗಿನದೂ ಹೊರಗಿನದೂ, ತಮ್ಮ ತೋಡಿನಲ್ಲಿ ಅಲುಗದೆ ಕೂತಿವೆಯೇ ನೋಡಿ. ತೂತುಗಳಿಗೆ ಮಸಿ ಕಟ್ಟಿದ್ದರೆ ಗಾಳಿ ಸಾಲದು. ತಂತಿ ಬ್ರಷ್‌ನಿಂದ ಉಜ್ಜಿ. ಆ ಡಬ್ಬಿಗಳು ಕೆಂಪಾದ ಮೇಲೆಯೇ ನೀಲಿ ಉರಿ ಬರುವುದು, ಹಚ್ಚಿದ ಕೂಡಲೇ ಅಲ್ಲ.

ಆಮೇಲೆ ಬತ್ತಿಯ ಎತ್ತರ. ಹತ್ತು ಬತ್ತಿಗಳಲ್ಲಿ ಒಂದೇ ಒಂದು, ಬರೀ ಎರಡು ಮಿಲಿಮೀಟರ್ ಮೇಲೆ ನಿಂತರೂ ಅಷ್ಟೇ ಕಡೆ ಹಳದಿ ನಾಲಿಗೆ ಏಳುತ್ತದೆ. ಹರಿತ ಕತ್ತರಿಯಿಂದ ಎಲ್ಲವನ್ನೂ ಒಂದೇ ಮಟ್ಟಕ್ಕೆ ಕತ್ತರಿಸಿ. ಬತ್ತಿ ನಳಿಗೆಯಲ್ಲಿ ಸ್ವಲ್ಪ ತಡೆದು ಸರಿಯಬೇಕು. ಬಿಗಿಯಾದರೆ ಎಳೆಗಳ ನಡುವಿನ ಸಂದು ಮುಚ್ಚಿ ಎಣ್ಣೆ ಏರದೆ ತುದಿ ಕರಕಲಾಗುತ್ತದೆ. ಸಡಿಲಾದರೆ ಇನ್ನೂ ಕೆಟ್ಟದ್ದು, ಉರಿ ನಳಿಗೆಯೊಳಗೆ ಟ್ಯಾಂಕಿನತ್ತ ಇಳಿಯುವ ಅಪಾಯ. ಹೊಸ ಬತ್ತಿ ಹಾಕಿ ಎಣ್ಣೆ ತುಂಬಿದ ಮೇಲೆ ಒಂದು ತಾಸು ಬಿಟ್ಟು ಹಚ್ಚಿ. ಒಣ ತುದಿಗೆ ಕಡ್ಡಿ ಗೀರಿದರೆ ಮೊದಲ ದಿನವೇ ಬತ್ತಿ ಕರಕು.

ಬತ್ತಿಯಲ್ಲಿ ಟೆರಿಲಿನ್ (ಪಾಲಿಯೆಸ್ಟರ್ ನೂಲು) ಬೆರಕೆ ಇದೆಯೇ? ಒಂದೆಳೆ ಸುಟ್ಟು ನೋಡಿ. ಹತ್ತಿ ಕಾಗದದ ವಾಸನೆ ಬಂದು ಮೆತ್ತನೆ ಬೂದಿಯಾಗುತ್ತದೆ; ಬೆರಕೆಯದು ಮುದುಡಿ ಗಟ್ಟಿ ಮಣಿಯಾಗುತ್ತದೆ. ಉರಿ ಚಟಚಟ ಅಂದರೆ ಎಣ್ಣೆಯಲ್ಲಿ ನೀರಿದೆ. ನೀರು ತಳದಲ್ಲಿರುತ್ತದೆ, ಟ್ಯಾಂಕ್ ಪೂರ್ತಿ ಬಗ್ಗಿಸಿ ತೆಗೆಯಬೇಕು. ಉರಿಯುವ ಸ್ಟೋಗೆ ಎಣ್ಣೆ ಸುರಿಯುವುದು, ಪೆಟ್ರೋಲ್ ಬೆರೆಸುವುದು ಎರಡೂ ಬೇಡವೇ ಬೇಡ.

ಧಾರವಾಡದ ಪಾಲಕರು: ಮಗನ ಬ್ಯಾಗಿನಲ್ಲಿ ಬೆರಳುದ್ದದ ಒಂದು ಸಾಧನ, ಸಣ್ಣ ತಂತಿಯ ಸುತ್ತು, ಹತ್ತಿ, ಸಿಹಿ ವಾಸನೆಯ ಬಾಟಲಿ ಸಿಕ್ಕಿವೆ. ಕಾಯಿಲ್ ತಾನೇ ಸುತ್ತುತ್ತಾನಂತೆ. ಏನಿದು?

ಉತ್ತರ: ವೇಪ್, ಅಂದರೆ ಇ-ಸಿಗರೇಟ್. ತತ್ತ್ವ ಮೇಲಿನ ಎರಡೂ ಉತ್ತರಗಳದ್ದೇ: ಕಾಯಿಲ್ ಕಾಯುತ್ತದೆ, ಹತ್ತಿ ದ್ರವ ಏರಿಸುತ್ತದೆ. ಬಾಟಲಿಯಲ್ಲಿರುವುದು ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಪರಿಮಳ, ಬಹುಮಟ್ಟಿಗೆ ನಿಕೋಟಿನ್ ಕೂಡ. ಹತ್ತಿ ಒಣಗಿದಾಗ ಕಾಯಿಲ್ ಕಾದರೆ ಅದು ಕರಕಾಗಿ, ಫಾರ್ಮಾಲ್ಡಿಹೈಡ್‌ನಂಥ ವಿಷಗಳು ನೇರ ಎದೆಗೆ ಹೋಗುತ್ತವೆ.

ಮನೆಯಲ್ಲಿ ಸುತ್ತಿದ ಕಾಯಿಲ್‌ಗೆ ಒಂದು ಸುತ್ತು ಕಡಿಮೆ ಬಿದ್ದರೂ ಲೆಕ್ಕ ತಪ್ಪುತ್ತದೆ. ತುಂಬಿದ ಲಿಥಿಯಂ ಸೆಲ್ 4.2 ವೋಲ್ಟ್, ಅರ್ಧ ಓಮ್ ಕಾಯಿಲ್ ಅದರಿಂದ 8.4 ಆಂಪಿಯರ್ ಎಳೆಯುತ್ತದೆ, ಕಾಲು ಓಮ್ ಆದರೆ ಸುಮಾರು 17. ಸೆಲ್ ಅಷ್ಟನ್ನು ತಾಳದಿದ್ದರೆ ಕಾದು, ಉಬ್ಬಿ, ಹೊತ್ತಿಕೊಳ್ಳಬಹುದು. ಬಿಡಿ ಸೆಲ್ ಜೇಬಿನಲ್ಲಿ ಕೀಲಿಕೈಗೆ ತಾಗಿದರೂ ಶಾರ್ಟ್ ಆಗಿ ಬೆಂಕಿ.

2019ರ ಕಾಯ್ದೆ ದೇಶದಾದ್ಯಂತ ಇವುಗಳ ತಯಾರಿಕೆ, ಮಾರಾಟ, ಸಾಗಾಟ, ಆಮದು, ಜಾಹೀರಾತು, ದಾಸ್ತಾನು ನಿಷೇಧಿಸಿದೆ. ಭಾಗಗಳನ್ನು ಜೋಡಿಸುವುದೂ ತಯಾರಿಕೆಯ ಲೆಕ್ಕಕ್ಕೇ ಬರುತ್ತದೆ. ದಾಸ್ತಾನು ಬಿಟ್ಟು ಉಳಿದವುಗಳಿಗೆ ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದ್ದರಿಂದ ಕಾಯಿಲ್ ಸುತ್ತುವ ಬಗೆಯನ್ನು ಇಲ್ಲಿ ಹೇಳುತ್ತಿಲ್ಲ. ಮಗನಿಗೆ ಏನು ಹೇಳಬೇಕೆಂಬುದು ನಿಮಗೆ ಬಿಟ್ಟದ್ದು, ಸಾಧನವನ್ನು ಮಾತ್ರ ಹೀಗೆ ವಿಲೇವಾರಿ ಮಾಡಿ: ಸೆಲ್ ಹೊರತೆಗೆದು ಎರಡೂ ತುದಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಿ, ಕಸದ ಗಾಡಿಗೆ ಹಾಕಬೇಡಿ. ನಿಕೋಟಿನ್ ಚರ್ಮದ ಮೂಲಕವೂ ಮೈಸೇರುತ್ತದೆ. ಬಾಟಲಿಯನ್ನು ಕೈಗವಸು ಹಾಕಿ ಹಿಡಿಯಿರಿ, ಮಕ್ಕಳಿಗೆ ಸಿಗದಂತಿಡಿ.

ಬೆಟಗೇರಿಯಿಂದ: ಮಗ್ಗದ ಉಳಿದ ನೂಲಿಂದ ಬತ್ತಿ ಹೊಸೀತೀವಿ. ನಂದಾದೀಪ ನಡುರಾತ್ರಿಗೆ ಆರತೈತಿ, ಎಣ್ಣಿ ಇನ್ನಾ ಇರತೈತಿ.

ಉತ್ತರ: ಹಾಸಿನ ನೂಲಿಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಎಳೆಗಳಿಗೆ, ಗಂಜಿ ಹಾಕಿರುತ್ತೀರಿ, ಅದು ಎಣ್ಣೆ ಹೀರದು. ಒಂದು ಲೀಟರ್ ನೀರಿಗೆ ಒಂದು ಚಮಚ ವಾಷಿಂಗ್ ಸೋಡಾ ಹಾಕಿ ಒಂದು ತಾಸು ಕುದಿಸಿ, ಚೆನ್ನಾಗಿ ತೊಳೆದು ಒಣಗಿಸಿ. ಒಣಗಿದ ಉಂಡೆಯನ್ನು ನೀರ ಮೇಲೆ ಬಿಡಿ: ಹತ್ತು ಸೆಕೆಂಡಿನೊಳಗೆ ಮುಳುಗಿದರೆ ಬತ್ತಿಗೆ ಬಂತು, ತೇಲಿದರೆ ಮತ್ತೊಮ್ಮೆ ಕುದಿಸಿ. ಹೊಸೆತ ಸಡಿಲಿರಲಿ. ಹರಳೆಣ್ಣೆ ಮಂದ, ನಿಧಾನ ಏರುತ್ತದೆ, ಅದಕ್ಕೆ ಬತ್ತಿ ತುಸು ದಪ್ಪ ಬೇಕು. ತೆಂಗಿನೆಣ್ಣೆಯಾದರೆ 24 ಡಿಗ್ರಿಯ ಸುಮಾರಿಗೇ ಗಟ್ಟಿಯಾಗುತ್ತದೆ, ಚಳಿಗಾಲದ ರಾತ್ರಿಗೆ ಶೇಂಗಾ ಎಣ್ಣೆಯೇ ವಾಸಿ.