ಒಂದೇ ಗಿಡುಗವನ್ನು ಎರಡು ಸಲ ಎಣಿಸಿಬಿಡಲ್ವಾ?

ಚಳಿಗಾಲಕ್ಕೆ ಮುಂಚೆ ವಲಸೆ ಹೋಗುವ ಗಿಡುಗ, ಹದ್ದುಗಳನ್ನು ಬೆಟ್ಟದ ಮೇಲೆ ಕೂತು ಎಣಿಸುತ್ತಾರಂತೆ, ಗಿರಗಿರ ಸುತ್ತುವ ಹಕ್ಕಿಯನ್ನು ಎರಡೆರಡು ಸಲ ಎಣಿಸಿಬಿಡಲ್ವಾ, ಆ ಲೆಕ್ಕದಿಂದ ಏನು ಪ್ರಯೋಜನ ಅಂತ ಕೇಳಿದ್ದೀರಿ. ನಾನಿರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಸೆಪ್ಟೆಂಬರ್ ಬಂತೆಂದರೆ ಇಲ್ಲಿನ ಹಾಕ್ ಮೌಂಟನ್ ಹತ್ತಿ, ಎಣಿಸುವವರ ಪಕ್ಕ ಬಂಡೆಯ ಮೇಲೆ ಕೂರುತ್ತೇನೆ. ಅಲ್ಲಿ ಕಲಿತದ್ದನ್ನೇ ಹೇಳುತ್ತೇನೆ.

ಸುತ್ತುವಾಗ ಎಣಿಸುವುದೇ ಇಲ್ಲ. ಬಿಸಿಲೇರಿದಂತೆ ನೆಲ ಕಾದು ಬಿಸಿಗಾಳಿ ಮೇಲೇಳುತ್ತದೆ. ಬ್ರಾಡ್ ವಿಂಗ್ಡ್ ಹಾಕ್ ಅನ್ನುವ ಗಿಡುಗಗಳು ಅದರೊಳಗೆ ಸೇರಿ, ರೆಕ್ಕೆ ಬಡಿಯದೆ ಸುತ್ತುತ್ತಾ ಮೇಲಕ್ಕೆ ಹೋಗುತ್ತವೆ. ಸುಳಿಗಾಳಿಗೆ ಸಿಕ್ಕ ತರಗೆಲೆಗಳ ಹಾಗೆ, ಐವತ್ತು, ನೂರು, ಕೆಲವೊಮ್ಮೆ ಇನ್ನೂ ಜಾಸ್ತಿ. ಈ ಗುಂಪಿಗೆ ಇಲ್ಲಿ ಕೆಟಲ್ ಅಂತಾರೆ. ಗಾಳಿಯ ಬಲ ಮುಗಿದ ಎತ್ತರದಲ್ಲಿ ರೆಕ್ಕೆ ಅರ್ಧ ಮಡಚಿ, ಒಂದರ ಹಿಂದೆ ಒಂದು, ನೈಋತ್ಯಕ್ಕೆ ಜಾರಿಕೊಂಡು ಹೋಗುತ್ತವೆ. ಆ ಸಾಲು ಬಿಚ್ಚಿಕೊಳ್ಳುವಾಗಲೇ ಎಣಿಸಬೇಕು. ಕೈಯಲ್ಲಿ ಕ್ಲಿಕ್ಕರ್ ಇರುತ್ತದೆ, ಒಂದು ಹಕ್ಕಿಗೆ ಒಂದು ಒತ್ತು. ಸಾಲು ತೀರಾ ದಟ್ಟವಾಗಿದ್ದರೆ ಹತ್ತನ್ನು ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯಿತು ಅಂತ ನೋಡಿ, ಅದೇ ಅಳತೆಯಲ್ಲಿ ಮಿಕ್ಕದ್ದನ್ನು ಎಣಿಸಬೇಕು. ನಮ್ಮನ್ನು ದಾಟಿ ದಕ್ಷಿಣಕ್ಕೆ ಹೋದದ್ದಷ್ಟೇ ಲೆಕ್ಕ.

ತಿಳಿ ನೀಲಿ ಆಕಾಶ ಇದ್ದರೆ ಸುಲಭ ಅಂದುಕೊಳ್ಳಬೇಡಿ, ಅದೇ ಕಷ್ಟ. ಎತ್ತರದ ಹಕ್ಕಿ ನೀಲಿಯಲ್ಲಿ ಕರಗಿಹೋಗುತ್ತದೆ. ಹಿಂದೆ ಬಿಳಿ ಮೋಡ ಇದ್ದರೆ ಚುಕ್ಕಿಯ ಹಾಗೆ ಎದ್ದು ಕಾಣುತ್ತದೆ.

ಬಂಡೆಗಳ ಹತ್ತಿರ ಕೋಲಿನ ತುದಿಯಲ್ಲಿ ಪ್ಲಾಸ್ಟಿಕ್ ಗೂಬೆಯೊಂದನ್ನು ನಿಲ್ಲಿಸಿರುತ್ತಾರೆ. ಶಾರ್ಪ್ ಶಿನ್ಡ್ ಹಾಕ್ ಅನ್ನುವ ಸಣ್ಣ ಗಿಡುಗಕ್ಕೆ ಗೂಬೆ ಕಂಡರೆ ಆಗುವುದಿಲ್ಲ. ಒಂದು ಸಲ ನನ್ನ ತಲೆಯ ಮೇಲೇ ಬಂದು ಗೂಬೆಗೆ ಎರಗಿತು. ರೆಕ್ಕೆಯ ಸದ್ದು ಕೇಳಿಸಿತು, ಹಳದಿ ಕಣ್ಣು ಕಾಣಿಸಿತು. ಆ ದಿನವಿಡೀ ನನಗೆ ಬೇರೇನೂ ಬೇಕಾಗಲಿಲ್ಲ.

ಇನ್ನು ಪ್ರಯೋಜನ. ಹಿಂದೆ ಇದೇ ಬಂಡೆಗಳ ಮೇಲೆ ನಿಂತು ಜನ ಗಿಡುಗಗಳನ್ನು ಗುಂಡು ಹೊಡೆದು ಕೊಲ್ಲುತ್ತಿದ್ದರು. 1934ರಲ್ಲಿ ರೊಸಾಲಿ ಎಡ್ಜ್ ಎಂಬ ಹೆಣ್ಣುಮಗಳು ಈ ಬೆಟ್ಟವನ್ನು ಗುತ್ತಿಗೆಗೆ ಹಿಡಿದು ಕೊಲೆ ನಿಲ್ಲಿಸಿದರು. ಕಾವಲಿಗೆ ಬಂದ ಮಾರಿಸ್ ಬ್ರೌನ್ ಆ ವರ್ಷವೇ ಎಣಿಸಲು ಶುರು ಮಾಡಿದರು. ಅವರ ಲೆಕ್ಕದಲ್ಲಿ ಮರಿಹದ್ದು, ದೊಡ್ಡ ಹದ್ದು ಬೇರೆ ಬೇರೆ ಇದ್ದವು. ಬಾಲ್ಡ್ ಈಗಲ್ ಅನ್ನುವ ಹದ್ದಿನ ತಲೆ ಬೆಳ್ಳಗಾಗಲು ಸುಮಾರು ಐದು ವರ್ಷ ಬೇಕು, ಹಾಗಾಗಿ ದೂರದಿಂದಲೂ ಗೊತ್ತಾಗುತ್ತದೆ. 1935–39ರಲ್ಲಿ ಕಂಡ ಈ ಹದ್ದುಗಳಲ್ಲಿ ನೂರಕ್ಕೆ ಸುಮಾರು 40 ಮರಿಗಳು. 1955–59ರ ಹೊತ್ತಿಗೆ 20. 1957ರಲ್ಲಂತೂ 32 ದೊಡ್ಡ ಹದ್ದಿಗೆ ಒಂದೇ ಮರಿ! ಹದ್ದುಗಳು ಹಾರುತ್ತಲೇ ಇದ್ದವು, ಗೂಡಿನಲ್ಲಿ ಮರಿ ಆಗುತ್ತಿರಲಿಲ್ಲ. ಲೇಖಕಿ ರೇಚೆಲ್ ಕಾರ್ಸನ್ 1962ರ ‘ಸೈಲೆಂಟ್ ಸ್ಪ್ರಿಂಗ್’ ಪುಸ್ತಕದಲ್ಲಿ, ಇದಕ್ಕೆ ಕಾರಣವಾದ ಡಿಡಿಟಿ ಎಂಬ ಕೀಟನಾಶಕದ ವಿರುದ್ಧ ವಾದಿಸುವಾಗ ಈ ಲೆಕ್ಕವನ್ನು ಮುಂದಿಟ್ಟರು. 1972ರಲ್ಲಿ ಅಮೆರಿಕ ಡಿಡಿಟಿ ನಿಷೇಧಿಸಿತು. ಈಗ ಬಾಲ್ಡ್ ಈಗಲ್ ನಮ್ಮ ಕಣ್ಣಿಗೆ ಆಗಾಗ ಬೀಳುತ್ತದೆ.

ಒಂದೆರಡು ಹಕ್ಕಿ ತಪ್ಪಿಹೋಗುವುದು ಇದ್ದದ್ದೇ. ಆದರೆ ಅದೇ ಜಾಗ, ಅದೇ ಕ್ರಮ, ಆಗಸ್ಟ್ 15ರಿಂದ ಡಿಸೆಂಬರ್ 15ರವರೆಗೆ, ವರ್ಷಾನುಗಟ್ಟಲೆ. ಹಾಗಿದ್ದರೆ ಮಾತ್ರ ಒಂದು ವರ್ಷವನ್ನು ಇನ್ನೊಂದರ ಪಕ್ಕ ಇಟ್ಟು ನೋಡಬಹುದು. ಗಂಟೆಗೊಂದು ಸಾಲು ಬರೆಯುತ್ತಾರೆ: ಗಾಳಿ, ಮೋಡ, ಹಕ್ಕಿ. ಒಮ್ಮೆ ಮಂಜು ಕವಿದು ಇಡೀ ಗಂಟೆ ಒಂದೂ ಬರಲಿಲ್ಲ. ನಾನು ಪೆನ್ನು ಮುಚ್ಚಿದೆ. ಪಕ್ಕದಲ್ಲಿದ್ದ ಹಿರಿಯರು ಹಾಳೆ ಎಳೆದುಕೊಂಡು ಸೊನ್ನೆ ಬರೆದರು. ಖಾಲಿ ಬಿಟ್ಟರೆ, ಹಕ್ಕಿ ಬರಲಿಲ್ಲವೋ, ನಾವೇ ಇರಲಿಲ್ಲವೋ, ಮುಂದೆ ಯಾರಿಗೂ ಗೊತ್ತಾಗುವುದಿಲ್ಲ ಅಂದರು.

ಈ ಕಡೆ ಬಂದರೆ ದೊಡ್ಡ ಗುಂಪುಗಳಿಗೆ ಸೆಪ್ಟೆಂಬರ್ ಮಧ್ಯ, ಗೋಲ್ಡನ್ ಈಗಲ್‌ಗೆ ನವೆಂಬರ್. ಕೂರಲು ದಪ್ಪ ದಿಂಬು ತನ್ನಿ, ಬಂಡೆ ತುಂಬಾ ತಣ್ಣಗಿರುತ್ತದೆ.