ಸಣ್ಣ ಪೈಪ್ ತಂಬಾಕು ಕಂಪನಿಗಳು ಯಾಕೆ ಮುಚ್ಚುತ್ತಿವೆ? ಹಿತ್ತಲಲ್ಲೇ ಬೆಳೆದುಕೊಂಡರೆ ಆಗಲ್ವಾ?

ನೀವು ಕೇಳಿದ್ದು ಎರಡು ವಿಷಯ. ಅಮೆರಿಕದ ಸಣ್ಣ ಪೈಪ್ ತಂಬಾಕು ತಯಾರಕರು ಒಬ್ಬೊಬ್ಬರಾಗಿ ಬಾಗಿಲು ಹಾಕುತ್ತಿರುವುದು ಯಾಕೆ? ಹಿತ್ತಲಲ್ಲಿ ಒಂದಷ್ಟು ಗಿಡ ಹಾಕಿಕೊಂಡರೆ ಆ ರುಚಿ ಮತ್ತೆ ಸಿಗುತ್ತದಾ? ನಾನು ಪಿರಿಯಾಪಟ್ಟಣ ತಾಲ್ಲೂಕಿನ ಹೊಗೆಸೊಪ್ಪು ಬೆಳೆಯುವ ಮನೆಯವನು. ಹದಿನೈದು ವರ್ಷದಿಂದ ನಾರ್ತ್ ಕ್ಯಾರೊಲಿನಾದಲ್ಲಿದ್ದೇನೆ, ಪೈಪ್ ಸೇದುತ್ತೇನೆ. ಸೊಪ್ಪಿನ ಕಡೆಯಿಂದಲೂ ಟಿನ್ನಿನ ಕಡೆಯಿಂದಲೂ ಸ್ವಲ್ಪ ಗೊತ್ತಿರುವುದರಿಂದ ಬರೆಯುತ್ತಿದ್ದೇನೆ.

ಯಾರನ್ನು ಕೇಳಿದರೂ ಮೊದಲು ಹೇಳುವ ಕಾರಣ ಕಾನೂನು. ಅದು ಸುಳ್ಳಲ್ಲ. 2016ರ ಆಗಸ್ಟ್ 8ರಿಂದ ಎಫ್‌ಡಿಎ (ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ) ನಿಯಮಗಳು ಪೈಪ್ ತಂಬಾಕಿಗೂ ಬಂದವು. 2007ರ ಫೆಬ್ರವರಿ 15ರಂದು ಅಮೆರಿಕದ ಮಾರುಕಟ್ಟೆಯಲ್ಲಿದ್ದ ತಂಬಾಕು ಮಿಶ್ರಣ ಹಾಗೇ ಮುಂದುವರಿಯಬಹುದು. ಆ ದಿನದ ನಂತರ ಹುಟ್ಟಿದ್ದಾದರೆ ಸರ್ಕಾರದ ಅನುಮತಿ ಬೇಕು. ಅದಕ್ಕೆ ಕಾಗದಪತ್ರ, ಪರೀಕ್ಷೆ, ವಕೀಲರು ಎಲ್ಲ ಬೇಕು. ವರ್ಷಕ್ಕೆ ಕೆಲವು ನೂರು ಟಿನ್ ಮಾರುವವನಿಗೆ ಅದು ಕೈಗೆಟುಕುವ ಮಾತಲ್ಲ. ಜಾಡಿಗಳಿಂದ ಎರಡು ಹಿಡಿ ತೆಗೆದು ಬೆರೆಸಿ ಕೊಡುವ ಅಂಗಡಿಯವನೂ ಈ ನಿಯಮದ ಲೆಕ್ಕದಲ್ಲಿ ತಯಾರಕನೇ.

ಇಲ್ಲಿ ನಾರ್ತ್ ಕ್ಯಾರೊಲಿನಾದಲ್ಲಿ ನಾನಿರುವ ಊರಿನ ಅಂಗಡಿಯ ಮುದುಕ ಹಾಗೆ ಬೆರೆಸಿ ಕೊಡುತ್ತಿದ್ದರು. ಮರದ ಬಟ್ಟಲಲ್ಲಿ ಬೆರಳಾಡಿಸುತ್ತಾ, ನಡುವೆ ಒಮ್ಮೆ ಮೂಗಿಗೆ ಹಿಡಿದು, ಇನ್ನೊಂದು ಚಿಟಿಕೆ ಹಾಕುತ್ತಿದ್ದರು. ಅಂಗಡಿ ಮುಚ್ಚುವ ವಾರ ಹೋದಾಗ ಅವರು ತೋರಿಸಿದ್ದು ಸರ್ಕಾರದ ಕಾಗದವನ್ನಲ್ಲ, ಒಂದು ಖಾಲಿ ಜಾಡಿಯನ್ನು. 'ಇದಕ್ಕೆ ತುಂಬಿಸುವ ಎಲೆ ಎರಡು ವರ್ಷದಿಂದ ಸಿಕ್ಕಿಲ್ಲ' ಅಂದರು. ನನಗೆ ಆ ಮಾತು ಇವತ್ತಿಗೂ ಕಾಡುತ್ತದೆ. ನನ್ನ ಪ್ರಕಾರ ನಿಮ್ಮ ಮೊದಲ ಪ್ರಶ್ನೆಗೆ ನಿಜವಾದ ಉತ್ತರ ಆ ಜಾಡಿಯಲ್ಲೇ ಇದೆ.

ಮೆಕ್ಲೆಲ್ಯಾಂಡ್ ನೆನಪಿದೆಯಾ? ಮಿಸೌರಿಯ ಕ್ಯಾನ್ಸಸ್ ಸಿಟಿಯಲ್ಲಿ 1977ರಲ್ಲಿ ಶುರುವಾದ ಕಂಪನಿ. ಅವರ ಕೆಂಪು ವರ್ಜೀನಿಯಾ (ಬ್ಯಾರನ್ನಿನ ಶಾಖದಲ್ಲಿ ಒಣಗಿಸುವ ತಂಬಾಕು) ಟಿನ್ ತೆರೆದರೆ ಟೊಮೆಟೊ ಕೆಚಪ್ಪಿನ ಹಾಗೆ ಹುಳಿ ಸಿಹಿ ವಾಸನೆ ಹೊಡೆಯುತ್ತಿತ್ತು. ಕೊಳ್ಳುವವರಿಗೇನೂ ಬರ ಇರಲಿಲ್ಲ. ಆದರೂ 2018ರಲ್ಲಿ ನಿಲ್ಲಿಸಿದರು. ತಮಗೆ ಬೇಕಾದ ಗುಣದ ಎಲೆ ಇನ್ನು ಸಿಗುತ್ತಿಲ್ಲ ಅನ್ನುವುದು ಅವರು ಕೊಟ್ಟ ಮುಖ್ಯ ಕಾರಣ.

ಎಲೆ ಯಾಕೆ ಸಿಗಲಿಲ್ಲ? ಅಮೆರಿಕದಲ್ಲಿ 1938ರಿಂದ ತಂಬಾಕಿಗೆ ಕೋಟಾ ಪದ್ಧತಿ ಇತ್ತು. ಇಷ್ಟಕ್ಕಿಂತ ಜಾಸ್ತಿ ಬೆಳೆಯಬಾರದು, ಇದಕ್ಕಿಂತ ಕಡಿಮೆ ಬೆಲೆ ಬೀಳಬಾರದು ಅಂತ. ರೈತರು ಸೊಪ್ಪನ್ನು ಹರಾಜಿಗೆ ತರುತ್ತಿದ್ದರು. ಹರಾಜು ಇರುವ ಕಡೆ ಸಣ್ಣ ಕೊಳ್ಳುಗನೂ ರಾಶಿಯಿಂದ ರಾಶಿಗೆ ನಡೆದು, ಎಲೆ ಮುಟ್ಟಿ, ಮೂಸಿ, ತನಗೆ ಬೇಕಾದ ಒಂದೇ ಒಂದು ರಾಶಿ ಎತ್ತಿಕೊಳ್ಳಬಹುದು. 2004ರಲ್ಲಿ ಕಾನೂನು ತಂದು ಕೋಟಾ ತೆಗೆದರು. ಹೆಚ್ಚುಕಮ್ಮಿ ಎಲ್ಲ ವ್ಯಾಪಾರ ನೇರ ಗುತ್ತಿಗೆಗೆ ಹೋಯಿತು. ಸಿಗರೇಟು ಕಂಪನಿಗೆ ಎಂಥ ಎಲೆ ಬೇಕೋ ರೈತ ಅದನ್ನೇ ಬೆಳೆಯುತ್ತಾನೆ. ಸಣ್ಣ ಹಿಡುವಳಿಯವರು ಬಿಟ್ಟೇ ಹೋದರು. 2002ರ ಕೃಷಿ ಗಣತಿಯಲ್ಲಿ ಅಲ್ಲಿ ಸುಮಾರು 57 ಸಾವಿರ ತಂಬಾಕು ಬೆಳೆಯುವ ಹಿಡುವಳಿಗಳಿದ್ದವು. 2017ಕ್ಕೆ ಉಳಿದದ್ದು ಸುಮಾರು 6,200. ಪೈಪ್‌ಗೆ ಬೇಕಾದ ದಪ್ಪ, ಎಣ್ಣೆಯಂಶ ಇರುವ, ಗಿಡದಲ್ಲೇ ಚೆನ್ನಾಗಿ ಬಲಿತ ಎಲೆಯನ್ನು ಕೆಲವೇ ಮೂಟೆಗೆ ಅಂತ ಯಾರು ಬೆಳೆದು ಕೊಡುತ್ತಾರೆ ಹೇಳಿ?

ನಮ್ಮ ಕಡೆ ಇನ್ನೂ ಹರಾಜು ಇದೆ. 1984ರಿಂದ ತಂಬಾಕು ಮಂಡಳಿಯೇ ನಡೆಸುತ್ತಿದೆ. ಅಪ್ಪ ಸೊಪ್ಪಿನ ಬೇಲ್ ಹಾಕಿಕೊಂಡು ಹೋಗಿ ಸಂಜೆವರೆಗೂ ಕಾಯುತ್ತಿದ್ದುದನ್ನು ನೋಡಿದ್ದೇನೆ. ರೈತನಿಗೆ ಅಲ್ಲೂ ಕಷ್ಟ ಇದೆ. ಆದರೆ ಎಲೆ ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ.

ಇನ್ನು ದುಡ್ಡಿನ ಮಾತು. ಒಳ್ಳೆಯ ಎಲೆಯನ್ನು ಕೊಂಡು ವರ್ಷಗಟ್ಟಲೆ ಮಾಗಲು ಇಡಬೇಕು. ಅಷ್ಟು ಕಾಲ ಹಣ ಗೋದಾಮಿನಲ್ಲೇ ಮಲಗಿರುತ್ತದೆ. ಸಣ್ಣವರಿಗೆ ಅದು ಭಾರ. ಹಾಗಾಗಿ ದೊಡ್ಡವರು ಕೊಳ್ಳುತ್ತಾರೆ, ಕೊಂಡ ಮೇಲೆ ಕಾರ್ಖಾನೆಗಳನ್ನು ಒಂದು ಮಾಡುತ್ತಾರೆ. 1849ರಲ್ಲಿ ಶುರುವಾದ ಅಮೆರಿಕದ ಪೈಪ್ ತಂಬಾಕು ಕಂಪನಿ ಸಟ್ಲಿಫ್ 2013ರಲ್ಲಿ ಡೆನ್ಮಾರ್ಕಿನ ಮ್ಯಾಕ್ ಬ್ಯಾರೆನ್ ಕೈಗೆ ಹೋಯಿತು. 2024ರಲ್ಲಿ ಆ ಮ್ಯಾಕ್ ಬ್ಯಾರೆನ್ ಕಂಪನಿಯನ್ನೇ ಸ್ಕ್ಯಾಂಡಿನೇವಿಯನ್ ಟೊಬ್ಯಾಕೊ ಗ್ರೂಪ್ ಕೊಂಡಿತು.

ಈಗ ಎರಡನೇ ಪ್ರಶ್ನೆ. ಬೆಳೆಯಬಹುದು. ಬೆಳೆಯುವುದು ಕಷ್ಟವೇ ಅಲ್ಲ. ಕಷ್ಟ ಇರುವುದು ಒಣಗಿಸುವುದರಲ್ಲಿ.

ಮೊದಲು ನೀವಿರುವ ಕಡೆಯ ಕಾನೂನು ನೋಡಿಕೊಳ್ಳಿ. ಅಮೆರಿಕದಲ್ಲಿ ಸ್ವಂತಕ್ಕೆ ಬೆಳೆದುಕೊಳ್ಳಲು ಫೆಡರಲ್ ಲೈಸೆನ್ಸ್ ಬೇಡ. ಸೇದಲು ತಯಾರು ಮಾಡಿ ಮಾರಿದರೆ ಮಾತ್ರ ಬೇಕು. ಭಾರತದಲ್ಲಿ ವರ್ಜೀನಿಯಾ ಬೆಳೆಯಲು ತಂಬಾಕು ಮಂಡಳಿಯಲ್ಲಿ ನೋಂದಣಿ ಆಗಿರಲೇಬೇಕು. ಆಸ್ಟ್ರೇಲಿಯಾದಲ್ಲಿ ಲೈಸೆನ್ಸ್ ಇಲ್ಲದೆ ಒಂದು ಗಿಡ ಹಾಕಿದರೂ ಅಪರಾಧ.

ಬೀಜ ಧೂಳಿನಷ್ಟು ಸಣ್ಣದು. ಒಂದು ಗ್ರಾಂಗೆ ಹತ್ತು ಸಾವಿರಕ್ಕೂ ಜಾಸ್ತಿ ಇರುತ್ತವೆ. ಊರಲ್ಲಿ ಅಮ್ಮ ನೀರು ಹಾಕುವ ಕ್ಯಾನಿಗೆ ಬೀಜ ಹಾಕಿ, ಕಲಕುತ್ತಾ ಮಡಿಯ ಮೇಲೆ ಚಿಮುಕಿಸುತ್ತಿದ್ದಳು. ನೀವೂ ಮಣ್ಣು ಮುಚ್ಚಬೇಡಿ, ಅದಕ್ಕೆ ಬೆಳಕು ಬೇಕು. ಆರರಿಂದ ಎಂಟು ವಾರಕ್ಕೆ ಸಸಿ ಕಿತ್ತು ನೆಡಬಹುದು. ಹೂವಿನ ಕುಡಿ ಬಂದಾಗ ಮುರಿಯಿರಿ, ಎಲೆಯ ಕಂಕುಳಲ್ಲಿ ಬರುವ ಚಿಗುರನ್ನೂ ತೆಗೆಯುತ್ತಿರಿ. ಆಗ ಎಲೆ ದಪ್ಪ ಆಗುತ್ತದೆ. ಬುಡದ ಎಲೆ ಹಣ್ಣಾಗುತ್ತಾ ಬಂದ ಹಾಗೆ ಕೆಳಗಿನಿಂದ ಮುರಿಯುತ್ತಾ ಹೋಗಿ. ಇಬ್ಬನಿ ಬಿದ್ದ ಎಲೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ನಿಕೋಟಿನ್ ಚರ್ಮದಿಂದಲೇ ಒಳಗೆ ಹೋಗುತ್ತದೆ. ಸೊಪ್ಪು ಮುರಿಯುವ ದಿನಗಳಲ್ಲಿ ಅಮ್ಮ ತಲೆ ಸುತ್ತಿ ವಾಂತಿ ಮಾಡಿಕೊಂಡು ಜಗಲಿಯ ಮೇಲೆ ಮಲಗಿರುತ್ತಿದ್ದಳು. ಅದಕ್ಕೆ ಕಾರಣ ಇದು ಅಂತ ನಮಗೆ ಆಗ ಗೊತ್ತಿರಲಿಲ್ಲ. ತುಂಬು ತೋಳಿನ ಅಂಗಿ, ಗ್ಲೌಸು ಹಾಕಿಕೊಳ್ಳಿ.

2020ರಲ್ಲಿ ನಾನು ಹನ್ನೆರಡು ವರ್ಜೀನಿಯಾ ಗಿಡ ಹಾಕಿದೆ. ಸೊಂಪಾಗಿ ಎದೆಯೆತ್ತರ ಬಂದವು. ಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ ಇಲ್ಲವಲ್ಲ, ಗ್ಯಾರೇಜಿನಲ್ಲಿ ದಾರ ಕಟ್ಟಿ ಎಲೆ ನೇತುಹಾಕಿದೆ. ಆಗಸ್ಟ್ ತಿಂಗಳು, ಇಲ್ಲಿ ಗಾಳಿಯೇ ಒದ್ದೆ. ಮೂರು ವಾರಕ್ಕೆ ಎಲೆ ಕಂದಾಯಿತು, ಒಣಗಿದ ಹಾಗೆ ಕಂಡಿತು. ಚೀಲಕ್ಕೆ ತುಂಬಿಟ್ಟೆ. ಹತ್ತು ದಿನಕ್ಕೆ ತೆರೆದರೆ ಮೂರರಲ್ಲೊಂದು ಪಾಲು ಎಲೆಯ ನಡುಕಡ್ಡಿಗೆ ಬಿಳಿ ಬೂಷ್ಟು. ಅಪ್ಪನಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: 'ಕಡ್ಡಿ ಮುರಿದು ನೋಡಿದ್ಯಾ?' ಎಲೆ ಒಣಗುವುದು ಬೇರೆ, ಕಡ್ಡಿ ಒಣಗುವುದು ಬೇರೆ. ಬಗ್ಗಿಸಿದರೆ ಪಟಕ್ ಅಂತ ಮುರಿಯಬೇಕು. ಬಗ್ಗಿದರೆ ಒಳಗೆ ಇನ್ನೂ ನೀರಿದೆ ಅಂತ ಅರ್ಥ.

ಉಳಿದ ಎಲೆಯನ್ನು ಸೇದಿದೆ. ಖಾರ, ಸಪ್ಪೆ, ಸಿಹಿಯ ಸುಳಿವೇ ಇಲ್ಲ. ಅದಕ್ಕೂ ಕಾರಣ ಇದೆ. ಬ್ಯಾರನ್ನಿನಲ್ಲಿ ಮೊದಲ ಎರಡು ದಿನ 35ರಿಂದ 38 ಡಿಗ್ರಿ ಶಾಖದಲ್ಲಿ ಎಲೆಯನ್ನು ಹಳದಿ ಮಾಡುತ್ತಾರೆ. ಆಗ ಎಲೆಯ ಪಿಷ್ಟ ಸಕ್ಕರೆಯಾಗುತ್ತದೆ. ಆಮೇಲೆ ಶಾಖ ಏರಿಸಿ ಎಲೆಯ ಜೀವ ನಿಲ್ಲಿಸುತ್ತಾರೆ, ಕೊನೆಗೆ ಕಡ್ಡಿಗೆ 70ರವರೆಗೂ ಕೊಡುತ್ತಾರೆ. ಐದಾರು ದಿನದ ಕೆಲಸ. ಸಕ್ಕರೆ ಎಲೆಯಲ್ಲೇ ಉಳಿಯುತ್ತದೆ. ಸುಮ್ನೆ ನೆರಳಲ್ಲಿ ನೇತುಹಾಕಿದರೆ ಎಲೆ ವಾರಗಟ್ಟಲೆ ಜೀವಂತ ಇದ್ದು ತನ್ನ ಸಕ್ಕರೆಯನ್ನು ತಾನೇ ತಿಂದು ಮುಗಿಸುತ್ತದೆ. ಅಪ್ಪ ರಾತ್ರಿ ಎರಡೆರಡು ಗಂಟೆಗೆ ಎದ್ದು, ಬ್ಯಾರನ್ನಿನ ಗಾಜಿನ ಕಿಂಡಿಗೆ ಟಾರ್ಚ್ ಹಿಡಿದು ಥರ್ಮಾಮೀಟರ್ ನೋಡಿ, ಒಲೆಗೆ ಒಂದು ಕೊರಡು ತಳ್ಳಿ ಬಂದು ಮಲಗುತ್ತಿದ್ದುದರ ಬೆಲೆ ನನಗೆ ಗೊತ್ತಾಗಿದ್ದು ಆವತ್ತು.

ಆದ್ದರಿಂದ ನನ್ನ ಸಲಹೆ, ಮೊದಲ ವರ್ಷ ವರ್ಜೀನಿಯಾಕ್ಕೆ ಕೈ ಹಾಕಬೇಡಿ. ನೆರಳಲ್ಲೇ ಒಣಗುವ ಬರ್ಲಿ ಅಥವಾ ಮೇರಿಲ್ಯಾಂಡ್ ತಳಿ ಹಾಕಿ. ಒಳ್ಳೆಯ ಬಿಸಿಲಿರುವ ಕಡೆ ಇದ್ದರೆ ಇಜ್ಮಿರ್ ತರಹದ ಓರಿಯೆಂಟಲ್ ತಳಿ ಹಾಕಿ. ಅದರ ಎಲೆ ಅಂಗೈಯಷ್ಟೇ, ಬಡ ಮಣ್ಣಲ್ಲೇ ಘಮ ಜಾಸ್ತಿ, ಬಿಸಿಲಿಗೆ ಒಣಗುತ್ತದೆ. ಒಣಗಿದ್ದನ್ನು ಹಾಗೇ ಸೇದಲು ಆಗುವುದಿಲ್ಲ, ಹಸಿ ಘಾಟು ಇರುತ್ತದೆ. ವರ್ಷ ಎರಡು ವರ್ಷ ಇಡಬೇಕು. ಇಲ್ಲವೇ ಕೆಟ್ಟ ಫ್ರಿಜ್ಜಿನ ಡಬ್ಬದೊಳಗೆ ನೀರು ತುಂಬಿದ ಸ್ಲೋ ಕುಕ್ಕರ್ ಇಟ್ಟು, 50 ಡಿಗ್ರಿ ಶಾಖ, ಶೇಕಡಾ 70-75ರಷ್ಟು ತೇವದಲ್ಲಿ ಒಂದೂವರೆ ತಿಂಗಳು ಮಾಗಿಸಿ. ನಾನು 2021ರಿಂದ ಹಾಗೇ ಮಾಡುತ್ತಿದ್ದೇನೆ. ಒಂದು ಗಿಡಕ್ಕೆ ಎಂಬತ್ತು ಗ್ರಾಂ ಆಸುಪಾಸು ಒಣ ಎಲೆ ಬರುತ್ತದೆ. ಹತ್ತು ಗಿಡ ಒಬ್ಬರಿಗೆ ಧಾರಾಳ ಸಾಕು.

ಮಿಶ್ರಣಕ್ಕೆ ಸೇರಿಸುವ ಲಟಾಕಿಯಾ, ಪೆರೀಕ್ ಅನ್ನುವ ವಿಶೇಷ ತಂಬಾಕುಗಳ ಬಗ್ಗೆ ಆಸೆ ಇಟ್ಟುಕೊಳ್ಳಬೇಡಿ. ಒಂದನ್ನು ಸೈಪ್ರಸ್‌ನಲ್ಲಿ ಕಟ್ಟಿಗೆಯ ಹೊಗೆಯಲ್ಲಿ ತಿಂಗಳುಗಟ್ಟಲೆ ನೇತುಹಾಕುತ್ತಾರೆ. ಇನ್ನೊಂದನ್ನು ಲೂಸಿಯಾನಾದಲ್ಲಿ ವಿಸ್ಕಿ ಪೀಪಾಯಿಯೊಳಗೆ ಅದುಮಿ ವರ್ಷದಷ್ಟು ಕಾಲ ಹುದುಗಿಸುತ್ತಾರೆ. ಅವು ಬೇಕಿದ್ದರೆ ಕೊಂಡು ಬೆರೆಸಿಕೊಳ್ಳಿ.

ನೀವು ಈಗಾಗಲೇ ಸೇದುವವರು ಅಂತ ಇಷ್ಟೆಲ್ಲ ಬರೆದೆ. ಮನೆಯಲ್ಲಿ ಬೆಳೆದದ್ದು ಅಂದ ಮಾತ್ರಕ್ಕೆ ಬಾಯಿ ಗಂಟಲಿನ ಕ್ಯಾನ್ಸರಿನ ಅಪಾಯ ಒಂದು ಚೂರೂ ಕಡಿಮೆಯಾಗುವುದಿಲ್ಲ. ಸೇದದವರು ಇದನ್ನು ಓದಿ ಶುರು ಮಾಡುವುದು ಖಂಡಿತ ಬೇಡ.

ನನ್ನ ಬರ್ಲಿ, ಇಜ್ಮಿರ್ ಬೆರೆಸಿದ್ದು ಆ ಅಂಗಡಿಯ ಮಿಶ್ರಣದ ಹಾಗೆ ಬಂದಿಲ್ಲ. ಅವರ ಕೈಯಲ್ಲಿ ನಲವತ್ತು ವರ್ಷದ ಅಂದಾಜಿತ್ತು. ಮುಚ್ಚುವಾಗ ಆ ಖಾಲಿ ಜಾಡಿಯನ್ನು ಅವರು ನನಗೇ ಕೊಟ್ಟರು. ಈಗ ಅದರಲ್ಲಿ 2022ರ ಇಜ್ಮಿರ್ ಇದೆ.