ಎಡಿಸನ್‌ನಲ್ಲಿ ಮನೆ ಕೊಳ್ಳುತ್ತಿದ್ದೇವೆ, ‘ಮೇಗನ್ಸ್ ಲಾ’ ಪಟ್ಟಿ ನೋಡುವುದು ಹೇಗೆ?

ನಿಮ್ಮ ಪ್ರಶ್ನೆ ಓದಿದಾಗ ಹನ್ನೆರಡು ವರ್ಷದ ಹಿಂದೆ ನಾವು ಮನೆ ಹುಡುಕುತ್ತಿದ್ದ ದಿನಗಳು ನೆನಪಾದವು. ನಿಮಗೆ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಒಂದು ಮನೆ ಇಷ್ಟವಾಗಿದೆ, ಆರು ವರ್ಷದ ಮಗಳಿದ್ದಾಳೆ. ಅಕ್ಕಪಕ್ಕ ಲೈಂಗಿಕ ಅಪರಾಧದಲ್ಲಿ ಶಿಕ್ಷೆಯಾದವರು ಯಾರಾದರೂ ಇದ್ದಾರಾ ಅಂತ ಕೇಳಿದರೆ ಏಜೆಂಟ್ ‘ಅದನ್ನು ನಾನು ಹೇಳೋ ಹಾಗಿಲ್ಲ’ ಅಂದರು. ಏನೋ ಮುಚ್ಚಿಡುತ್ತಿದ್ದಾರೆ ಅಂತ ನಿಮಗೆ ಅನುಮಾನ. ಜೊತೆಗೆ, ಬೆಂಗಳೂರಿನಲ್ಲಿರುವ ನಿಮ್ಮ ಅಕ್ಕನೂ ಹೀಗೆ ಹುಡುಕಿ ನೋಡಬಹುದಾ ಅಂತ ಕೇಳಿದ್ದೀರಿ.

ನಾನು ವಕೀಲನಲ್ಲ. ಎಡಿಸನ್ ಇರುವ ಇದೇ ಮಿಡ್ಲ್‌ಸೆಕ್ಸ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಮನೆ ಕೊಂಡು, ಇಬ್ಬರು ಮಕ್ಕಳನ್ನು ಬೆಳೆಸುತ್ತಿರುವವನು. ಓದಿದ್ದು, ಕಂಡಿದ್ದು ಹೇಳುತ್ತೇನೆ.

ಮೊದಲು ಏಜೆಂಟ್ ಪರವಾಗಿ ಒಂದು ಮಾತು. ಅವರು ಹೇಳಿದ್ದು ನಿಜ. ಕರಾರು ಪತ್ರ ಕೈಗೆ ಬಂದಾಗ ತಿರುವಿ ನೋಡಿ, ಅದರಲ್ಲಿ ಮೇಗನ್ಸ್ ಲಾ, ಅಂದರೆ ಇಂಥ ಅಪರಾಧಿಗಳ ವಿಷಯ ಸುತ್ತಲಿನವರಿಗೆ ತಿಳಿಸುವ ಕಾನೂನಿನ ಬಗ್ಗೆ ಒಂದು ಪ್ಯಾರಾ ಇರುತ್ತದೆ. ಯಾರಿಗೆ, ಹೇಗೆ ತಿಳಿಸಬೇಕು ಅನ್ನುವುದನ್ನು ತೀರ್ಮಾನಿಸುವವರು ಕೌಂಟಿ ಪ್ರಾಸಿಕ್ಯೂಟರ್, ಅಂದರೆ ಅಪರಾಧದ ಕೇಸು ನಡೆಸುವ ಸರ್ಕಾರಿ ವಕೀಲರು. ರಿಯಲ್ ಎಸ್ಟೇಟ್ ಏಜೆಂಟರಿಗೆ ಆ ಮಾಹಿತಿ ಬರುವುದೂ ಇಲ್ಲ, ಅವರು ನಿಮಗೋಸ್ಕರ ತರಿಸಿಕೊಡುವ ಹಾಗೂ ಇಲ್ಲ. ಮನೆ ಕ್ಲೋಸಿಂಗ್ ಆದಮೇಲೆ, ಅಂದರೆ ದುಡ್ಡು ಕೊಟ್ಟು ಮನೆ ನಿಮ್ಮ ಹೆಸರಿಗಾದಮೇಲೆ, ನೀವೇ ಪ್ರಾಸಿಕ್ಯೂಟರ್ ಕಚೇರಿಯನ್ನು ಕೇಳಬಹುದು. ಆ ಪ್ಯಾರಾದ ಸಾರ ಇಷ್ಟು. ದುಡ್ಡೆಲ್ಲ ಕೊಟ್ಟಾದಮೇಲೆ ಕೇಳಿ ಅನ್ನುವುದು ನನಗೂ ವಿಚಿತ್ರವಾಗಿ ಕಂಡಿತ್ತು. ಆದರೆ ಪಟ್ಟಿಯ ಒಂದು ಭಾಗ ಇಂಟರ್ನೆಟ್‌ನಲ್ಲೇ ಇದೆ. ಅದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ, ದುಡ್ಡೂ ಕೊಡಬೇಕಾಗಿಲ್ಲ.

‘ಒಂದು ಭಾಗ’ ಅಂದೆನಲ್ಲ, ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಮುಂದೆ ಹೇಳುವುದೆಲ್ಲ ಅದರ ಸುತ್ತಲೇ.

ಈ ಕಾನೂನು ಹುಟ್ಟಿದ್ದು ನಿಮ್ಮ ಮನೆಯಿಂದ ಮುಕ್ಕಾಲು ಗಂಟೆ ದಾರಿಯ ಹ್ಯಾಮಿಲ್ಟನ್ ಟೌನ್‌ಶಿಪ್‌ನಲ್ಲಿ. 1994ರ ಜುಲೈನಲ್ಲಿ ಮೇಗನ್ ಅನ್ನುವ ಏಳು ವರ್ಷದ ಹುಡುಗಿಯನ್ನು ಎದುರು ಮನೆಯವನು ನಾಯಿಮರಿ ತೋರಿಸುತ್ತೇನೆ ಅಂತ ಕರೆದು ಕೊಂದ. ಅವನಿಗೆ ಅದಕ್ಕೆ ಮುಂಚೆಯೇ ಎರಡು ಸಲ ಶಿಕ್ಷೆಯಾಗಿತ್ತು. ಅದು ಬೀದಿಯವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಮಗಳು ಉಳಿಯುತ್ತಿದ್ದಳು ಅಂತ ಅಪ್ಪ ಅಮ್ಮ ಊರೂರು ಸುತ್ತಿ ಕೇಳಿದರು. ಮೂರೇ ತಿಂಗಳಲ್ಲಿ, ಅಕ್ಟೋಬರ್ 31ಕ್ಕೆ, ನ್ಯೂಜೆರ್ಸಿಯಲ್ಲಿ ಕಾನೂನಾಯಿತು. 1996ರಲ್ಲಿ ಇಡೀ ದೇಶಕ್ಕೆ ಬಂತು. ಆ ಎದುರು ಮನೆಯನ್ನು ಕೆಡವಿ ಈಗ ಒಂದು ಪುಟ್ಟ ಪಾರ್ಕ್ ಮಾಡಿದ್ದಾರೆ.

ಹೆಸರು ಸೇರುವ ಕ್ರಮ ಹೀಗೆ. ಶಿಕ್ಷೆಯಾದವನು ತಾನಿರುವ ಊರಿನ ಪೊಲೀಸ್ ಠಾಣೆಗೆ ಹೋಗಿ ನೋಂದಾಯಿಸಿಕೊಳ್ಳಬೇಕು. ಫೋಟೋ, ಬೆರಳಚ್ಚು, ವಿಳಾಸ, ಕೆಲಸದ ಜಾಗ, ಕಾರಿನ ನಂಬರ್ ಎಲ್ಲ ಕೊಡಬೇಕು. ಮನೆ ಬದಲಾಯಿಸುವುದಾದರೆ ಕನಿಷ್ಠ 10 ದಿನ ಮುಂಚೆ ತಿಳಿಸಬೇಕು. ವರ್ಷಕ್ಕೊಮ್ಮೆ, ಕೆಲವರು 90 ದಿನಕ್ಕೊಮ್ಮೆ, ಹೋಗಿ ‘ಇಲ್ಲೇ ಇದ್ದೇನೆ’ ಅಂತ ಖಚಿತಪಡಿಸಬೇಕು. ತಪ್ಪಿಸಿದರೆ ಅದೇ ಬೇರೆ ಅಪರಾಧ, ಮೂರರಿಂದ ಐದು ವರ್ಷ ಜೈಲು. 15 ವರ್ಷ ಮತ್ತೆ ಯಾವ ಅಪರಾಧವನ್ನೂ ಮಾಡದೆ ಇದ್ದವರು ಹೆಸರು ತೆಗೆಯಿರಿ ಅಂತ ಕೋರ್ಟಿಗೆ ಅರ್ಜಿ ಹಾಕಬಹುದು. ತೀರಾ ಗಂಭೀರ ಅಪರಾಧ ಮಾಡಿದವರಿಗೆ ಆ ಅವಕಾಶವೂ ಇಲ್ಲ.

ಆಮೇಲೆ ಬರುವುದು ಟಿಯರ್, ಅಂದರೆ ಅವನಿಂದ ಎಷ್ಟು ಅಪಾಯ ಅನ್ನುವ ಮಟ್ಟ. ಪ್ರಾಸಿಕ್ಯೂಟರ್ ಕಚೇರಿಯವರು ಆ ವ್ಯಕ್ತಿಗೆ ಮಾರ್ಕ್ಸ್ ಹಾಕುತ್ತಾರೆ. ನಿಜವಾಗಿಯೂ ಮಾರ್ಕ್ಸ್, ಒಟ್ಟು 111ಕ್ಕೆ. ಬಲಪ್ರಯೋಗ ಎಷ್ಟಿತ್ತು, ಮಗುವಿನ ವಯಸ್ಸೆಷ್ಟು, ಎಷ್ಟು ಜನರಿಗೆ ತೊಂದರೆ ಕೊಟ್ಟ, ಚಿಕಿತ್ಸೆಗೆ ಒಗ್ಗಿದನಾ, ಕೆಲಸ, ಮನೆ ಅಂತ ಏನಾದರೂ ನೆಲೆ ಇದೆಯಾ, ಹೀಗೆ 13 ಅಂಶ. 36ರವರೆಗೆ ಬಂದರೆ ಟಿಯರ್ 1, 73ರವರೆಗೆ ಟಿಯರ್ 2, ಅದರ ಮೇಲೆ ಟಿಯರ್ 3. ಒಪ್ಪದಿದ್ದರೆ ಅವನು ಜಡ್ಜ್ ಮುಂದೆ ವಾದಿಸಬಹುದು.

ಟಿಯರ್ 1 ಆದರೆ ಪೊಲೀಸರಿಗೆ ಮಾತ್ರ ಗೊತ್ತು. ಟಿಯರ್ 2 ಆದರೆ ಸುತ್ತಲಿನ ಶಾಲೆ, ಡೇಕೇರ್, ಮಕ್ಕಳ ಕ್ಯಾಂಪ್‌ಗಳಿಗೆ ತಿಳಿಸುತ್ತಾರೆ. ಟಿಯರ್ 3 ಆದರೆ ಪೊಲೀಸರು ಮನೆ ಮನೆಗೆ ಬಂದು ಬಾಗಿಲು ತಟ್ಟುತ್ತಾರೆ.

ನಮ್ಮ ಬಾಗಿಲನ್ನೂ ತಟ್ಟಿದ್ದರು. ಮೂರು ವರ್ಷದ ಹಿಂದೆ, ನವೆಂಬರ್‌ನ ಒಂದು ಸಂಜೆ. ಹೆಂಡತಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು, ಹೊಗೆಗೆ ಅಲಾರಂ ಕೂಗಿತು ಅಂತ ನಾನು ಟವೆಲ್ ಬೀಸುತ್ತಿದ್ದೆ. ಬೆಲ್ ಆಯಿತು. ಬಾಗಿಲಲ್ಲಿ ಪೊಲೀಸ್ ನಿಂತಿದ್ದು ನೋಡಿ, ಊರಿಂದ ಬಂದಿದ್ದ ನಮ್ಮತ್ತೆ ‘ಅಳಿಯಂದಿರೇ, ಕಾರು ಎಲ್ಲಾದರೂ ಗುದ್ದಿದಿರಾ?’ ಅಂದರು. ಆ ಮನುಷ್ಯ ಒಳಗೂ ಬರಲಿಲ್ಲ. ಒಂದು ಹಾಳೆ ಕೊಟ್ಟ. ಫೋಟೋ, ಎತ್ತರ, ತೂಕ, ಯಾವ ಅಪರಾಧ, ಮನೆ ಎಲ್ಲಿ, ಕೆಲಸ ಎಲ್ಲಿ, ಕಾರು ಯಾವುದು. ತಲುಪಿತು ಅಂತ ಸಹಿ ಹಾಕಿಸಿಕೊಂಡ. ‘ಇದು ನಿಮ್ಮ ಮನೆಯವರಿಗೆ ಮಾತ್ರ. ಫೋಟೋ ತೆಗೆದು ಯಾರಿಗೂ ಕಳಿಸಬೇಡಿ. ಅವನ ತಂಟೆಗೆ ಹೋಗಬೇಡಿ, ಏನಾದರೂ ಕಂಡರೆ ನಮಗೆ ಫೋನ್ ಮಾಡಿ’ ಅಂತ ಹೇಳಿ ಪಕ್ಕದ ಮನೆಗೆ ಹೋದ. ಎಲ್ಲ ಸೇರಿ ಎರಡು ನಿಮಿಷ. ಸಾರು ಉಕ್ಕಿ ಒಲೆ ತುಂಬ ಹರಿದಿತ್ತು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಬೆಳಗ್ಗೆ ಒಂದು ಯೋಚನೆ ಬಂತು. ಈ ಒಬ್ಬನ ವಿಷಯ ಈಗ ನಮಗೆ ಗೊತ್ತು. ಟಿಯರ್ 1ರವರು ಇದೇ ಬೀದಿಯಲ್ಲಿ ಇದ್ದಿದ್ದರೂ ನಮಗೆ ಗೊತ್ತಾಗುತ್ತಿರಲಿಲ್ಲ.

ಇನ್ನು ಹುಡುಕುವ ವಿಷಯ. ಎರಡು ಸೈಟ್ ನೋಡಿ. ಒಂದು ನ್ಯೂಜೆರ್ಸಿ ಸ್ಟೇಟ್ ಪೊಲೀಸರದು. ಷರತ್ತುಗಳಿಗೆ ಒಪ್ಪಿಗೆ ಒತ್ತಿದ ಮೇಲೆ ಒಳಗೆ ಬಿಡುತ್ತದೆ. ಹೆಸರು ಹಾಕಿಯೂ ಹುಡುಕಬಹುದು, ಊರು ಹಾಕಿಯೂ ಹುಡುಕಬಹುದು. ಟಿಯರ್ 3ರವರು ಸಿಗುತ್ತಾರೆ, ಟಿಯರ್ 2ರಲ್ಲಿ ಹೆಚ್ಚಿನವರು ಸಿಗುತ್ತಾರೆ. ಟಿಯರ್ 1ರವರು ಸಾಮಾನ್ಯವಾಗಿ ಇರುವುದಿಲ್ಲ. ಇನ್ನೊಂದು ಕೇಂದ್ರ ನ್ಯಾಯ ಇಲಾಖೆಯದು, ಎನ್‌ಎಸ್‌ಒಪಿಡಬ್ಲ್ಯೂ ಡಾಟ್ ಗವ್. ಅದರ ಬಳಿ ತನ್ನದೇ ಪಟ್ಟಿ ಇಲ್ಲ. ನೀವು ಕೇಳಿದಾಗ 50 ರಾಜ್ಯಗಳ ಪಟ್ಟಿಯನ್ನೂ ಒಟ್ಟಿಗೆ ತಡಕಿ ತಂದುಕೊಡುತ್ತದೆ. ವಿಳಾಸ ಹಾಕಿದರೆ ಸುತ್ತ ಮೂರು ಮೈಲಿವರೆಗೆ ನೋಡಬಹುದು. ಯಾವುದೋ ರಾಜ್ಯ ತೋರಿಸದೆ ಇಟ್ಟಿದ್ದನ್ನು ಇದೂ ತೋರಿಸುವುದಿಲ್ಲ. ನಿಮ್ಮ ಯಜಮಾನರು ಕೆಲಸಕ್ಕೆ ಹೋಗುವ ನ್ಯೂಯಾರ್ಕ್‌ನಲ್ಲಿ ಲೆಕ್ಕವೇ ಬೇರೆ. ಅಲ್ಲಿ ಲೆವೆಲ್ 2, 3 ಮಾತ್ರ ಸೈಟಿನಲ್ಲಿ, ಲೆವೆಲ್ 1 ಬೇಕಾದರೆ ಫೋನ್ ಮಾಡಿ ಹೆಸರು ಕೊಟ್ಟು ವಿಚಾರಿಸಬೇಕು. ‘ಜನರ ಪೂರ್ತಿ ವಿವರ ಕೊಡ್ತೀವಿ’ ಅಂತ ದುಡ್ಡು ಕೇಳುವ ಖಾಸಗಿ ಸೈಟುಗಳ ಗೊಡವೆಗೇ ಹೋಗಬೇಡಿ. ಇಲ್ಲಿ ಬಿಟ್ಟಿ ಸಿಗುವುದನ್ನೇ ಹಳೇ ಸರಕಾಗಿ ಮಾರುತ್ತಾರೆ.

ಹೆಸರು ಹಾಕಿ ಹುಡುಕುವಾಗ ಒಂದು ಎಚ್ಚರ. ಮಗನ ಈಜಿನ ಕೋಚ್ ಹೆಸರು ಹಾಕಿ ನೋಡಿದೆ ಒಮ್ಮೆ. ಅದೇ ಹೆಸರು, ಅದೇ ಸರ್‌ನೇಮ್, ಟಪಕ್ಕನೆ ಬಂತು. ಎದೆ ಧಸಕ್ ಅಂತು. ತೆರೆದು ನೋಡಿದರೆ ಟೆಕ್ಸಾಸ್‌ನ ಅರವತ್ತು ದಾಟಿದ ಯಾರೋ ಮುದುಕ. ನಮ್ಮ ಕೋಚ್‌ಗೆ ಮೂವತ್ತೂ ಆಗಿಲ್ಲ. ಮಾರನೆ ದಿನ ಪೂಲ್ ಹತ್ತಿರ ಅವನು ನಕ್ಕು ಕೈ ಬೀಸಿದಾಗ ನನಗೆ ಮುಖ ಎತ್ತೋಕಾಗಲಿಲ್ಲ. ಫೋಟೋ, ವಯಸ್ಸು, ಊರು, ಮೂರೂ ತಾಳೆಯಾಗುವವರೆಗೆ ಬಾಯಿ ಬಿಡಬೇಡಿ.

ವಿಳಾಸಕ್ಕೂ ಇದೇ ಮಾತು. ನಾವು ಮೊದಲಿದ್ದ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಒಬ್ಬರು ಸ್ಕ್ರೀನ್‌ಶಾಟ್ ಹಾಕಿದರು. ‘ಸಿ ಬ್ಲಾಕ್, ಎರಡನೇ ಮಹಡಿ, ಹುಷಾರ್’ ಅಂತ. ಆ ಮನುಷ್ಯ ಎರಡು ತಿಂಗಳ ಹಿಂದೆಯೇ ಖಾಲಿ ಮಾಡಿಕೊಂಡು ಹೋಗಿದ್ದ. ಆಗ ಆ ಮನೆಯಲ್ಲಿದ್ದವನು ಎಂಎಸ್ ಓದಲು ಬಂದಿದ್ದ ಆಂಧ್ರದ ಹುಡುಗ. ಎರಡು ವಾರ ಲಿಫ್ಟಿನಲ್ಲಿ ಅವನ ಜೊತೆ ಯಾರೂ ಹತ್ತಲಿಲ್ಲ. ಯಾಕೆ ಅಂತ ಅವನಿಗೆ ಗೊತ್ತೇ ಇರಲಿಲ್ಲ, ಪಾಪ. ಆಮೇಲೆ ಹಾಕಿದವರು ‘ಸಾರಿ’ ಅಂತ ಒಂದು ಕೈಮುಗಿಯುವ ಇಮೋಜಿ ಕಳಿಸಿ ಸುಮ್ಮನಾದರು. ಸ್ಕ್ರೀನ್‌ಶಾಟ್ ಎಷ್ಟು ಗುಂಪಿಗೆ ಹೋಗಿತ್ತೋ ಏನೋ.

ಕಾನೂನೂ ಇದಕ್ಕೆ ಸುಮ್ಮನಿರುವುದಿಲ್ಲ. ಸೈಟಿನ ಮಾಹಿತಿ ಹಿಡಿದುಕೊಂಡು ಯಾರಿಗಾದರೂ ಹೊಡೆದರೆ, ಬೆದರಿಸಿದರೆ, ಆಸ್ತಿ ಹಾಳು ಮಾಡಿದರೆ ಕೇಸು ನಿಮ್ಮ ಮೇಲೆ. ಸಾಲ, ವಿಮೆ, ಬಾಡಿಗೆ ಮನೆ ಕೊಡದಿರಲು ಅದನ್ನು ಬಳಸುವುದಕ್ಕೂ ನ್ಯೂಜೆರ್ಸಿ ಕಾನೂನಿನಲ್ಲಿ ತಡೆ ಇದೆ. ‘ಶಾಲೆ ಪಕ್ಕ ಇಂಥವರು ಇರಬಾರದು’ ಅಂತ ಕೆಲವು ಊರುಗಳು ನಿಯಮ ಮಾಡಿದ್ದವು. 2009ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅವನ್ನು ತೆಗೆದುಹಾಕಿತು. ಹಾಗಾಗಿ ‘ಶಾಲೆ ಹತ್ತಿರದ ಮನೆ, ಅಂಥವರು ಇರೋ ಹಾಗೇ ಇಲ್ಲ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬೇರೆ ರಾಜ್ಯದ ನಿಯಮ ಕೇಳಿ ಹೇಳುತ್ತಿರುತ್ತಾರೆ.

ಈ ಪಟ್ಟಿಯಿಂದ ಅಪರಾಧ ಕಡಿಮೆಯಾಗಿದೆಯಾ ಅಂತ 2008ರಲ್ಲಿ ನ್ಯೂಜೆರ್ಸಿಯಲ್ಲೇ ಒಂದು ಅಧ್ಯಯನ ಆಯಿತು. ಮತ್ತೆ ಅದೇ ಅಪರಾಧ ಮಾಡುವವರ ಪ್ರಮಾಣದ ಮೇಲೆ ಕಣ್ಣಿಗೆ ಕಾಣುವ ಪರಿಣಾಮ ಸಿಗಲಿಲ್ಲ. ನನಗೇನೂ ಆಶ್ಚರ್ಯ ಆಗಲಿಲ್ಲ. ಮಕ್ಕಳ ಮೇಲಿನ ಇಂಥ ಕೃತ್ಯಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಗೊತ್ತಿರುವವರಿಂದಲೇ ಆಗುತ್ತವೆ. ಮಾಮ, ಅಂಕಲ್, ಟ್ಯೂಷನ್ ಮೇಷ್ಟ್ರು. ಮೊದಲ ಸಲ ಮಾಡುವವನ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಸಾಲದ್ದಕ್ಕೆ, ಮನೆಯೊಳಗಿನ ಪ್ರಕರಣಗಳಲ್ಲಿ ಕೆಲವನ್ನು ನ್ಯೂಜೆರ್ಸಿ ಬೇಕಂತಲೇ ಸೈಟಿಗೆ ಹಾಕುವುದಿಲ್ಲ. ಅಪ್ಪನ ಹೆಸರು, ಫೋಟೋ ಹಾಕಿದರೆ ಮಗು ಯಾವುದು ಅಂತ ಇಡೀ ಊರಿಗೆ ಗೊತ್ತಾಗುತ್ತದಲ್ಲ. ಅದು ಸರಿಯೇ. ಆದರೆ ಹುಡುಕಿದಾಗ ‘ಯಾರೂ ಸಿಗಲಿಲ್ಲ’ ಅಂತ ಬಂದರೆ ಅದಕ್ಕೆಷ್ಟು ಬೆಲೆ ಅಂತ ಈಗ ನಿಮಗೇ ಗೊತ್ತಾಗಿರಬೇಕು. ಹಾಗಂತ ನೋಡಲೇಬೇಡಿ ಅನ್ನುತ್ತಿಲ್ಲ. ಹತ್ತು ನಿಮಿಷದ ಕೆಲಸ. ನಾನೂ ವರ್ಷಕ್ಕೆ ಎರಡು ಸಲ ನೋಡುತ್ತೇನೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಇವತ್ತೇ ಎರಡೂ ಸೈಟಿನಲ್ಲಿ ಆ ಮನೆ ವಿಳಾಸ ಹಾಕಿ ನೋಡುತ್ತಿದ್ದೆ. ಮಗಳು ನಡೆದು ಹೋಗುವ ದಾರಿ, ಬಸ್ ನಿಲ್ಲುವ ಮೂಲೆಯನ್ನೂ ನೋಡುತ್ತಿದ್ದೆ. ಒಂದು ಮೈಲಿ ಆಚೆ ಒಬ್ಬ ಸಿಕ್ಕ ಅಂತ ಮನೆ ಕೈಬಿಡುತ್ತಿರಲಿಲ್ಲ. ನ್ಯೂಜೆರ್ಸಿ ಅಷ್ಟು ಒತ್ತೊತ್ತಾದ ಜಾಗ, ಮೂರು ಮೈಲಿ ಸುತ್ತಿದರೆ ಯಾರೋ ಒಬ್ಬರು ಸಿಕ್ಕೇ ಸಿಗುತ್ತಾರೆ. ಪಕ್ಕದ ಮನೆಯೇ ಆದರೆ? ಆಗ ಅಪರಾಧ ಯಾವುದು, ಯಾವ ವರ್ಷದ್ದು ಅಂತ ಓದಿ ನೀವೇ ತೀರ್ಮಾನಿಸಿ. ಅದನ್ನು ಬೇರೆಯವರು ಹೇಳೋಕಾಗಲ್ಲ. ಕ್ಲೋಸಿಂಗ್ ಆದಮೇಲೆ ಪ್ರಾಸಿಕ್ಯೂಟರ್ ಕಚೇರಿಗೂ ಒಂದು ಫೋನ್ ಮಾಡಿ, ಹೇಳುವಷ್ಟನ್ನು ಹೇಳುತ್ತಾರೆ.

ಬೆಂಗಳೂರಿನ ಅಕ್ಕನ ವಿಷಯ. ಅಲ್ಲಿ ಜನರು ಹುಡುಕುವಂಥ ಸೈಟ್ ಇಲ್ಲ. ಭಾರತದಲ್ಲೂ 2018ರ ಸೆಪ್ಟೆಂಬರ್‌ನಲ್ಲಿ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ಪಟ್ಟಿ ಶುರುವಾಯಿತು. ಆರಂಭದಲ್ಲೇ ನಾಲ್ಕು ಲಕ್ಷಕ್ಕೂ ಜಾಸ್ತಿ ದಾಖಲೆಗಳಿದ್ದವು. ದೇಶದ ಅಪರಾಧ ದಾಖಲೆ ಇಡುವ ಕೇಂದ್ರ ಸರ್ಕಾರದ ಸಂಸ್ಥೆ ಎನ್‌ಸಿಆರ್‌ಬಿ ಅದನ್ನು ನೋಡಿಕೊಳ್ಳುತ್ತದೆ, ಆದರೆ ಪೊಲೀಸರು, ತನಿಖೆಯವರು ಮಾತ್ರ ತೆರೆಯಬಹುದು. ನಮ್ಮತ್ತೆಗೆ ಇದನ್ನು ಹೇಳಿದಾಗ ‘ಒಳ್ಳೇದೇ ಆಯ್ತು ಬಿಡಿ, ನಮ್ಮೂರಲ್ಲಿ ಹೀಗೆ ಚೀಟಿ ಹಂಚಿದ್ದರೆ ಮಾರನೆ ದಿನ ಅವನ ಮನೆ ಇರ್ತಿರಲಿಲ್ಲ, ಅದೂ ಚೀಟಿಯಲ್ಲಿ ನಂಬರ್ ತಪ್ಪಾಗಿದ್ದರೆ?’ ಅಂದರು. ಅಕ್ಕ ಡ್ರೈವರನ್ನೋ ಮಗು ನೋಡಿಕೊಳ್ಳುವವರನ್ನೋ ಇಟ್ಟುಕೊಳ್ಳುವುದಾದರೆ, ಸೇವಾ ಸಿಂಧು ಪೋರ್ಟಲ್‌ನಲ್ಲಿ ಪೊಲೀಸ್ ವೆರಿಫಿಕೇಷನ್‌ಗೆ ಅರ್ಜಿ ಹಾಕಿಸಲಿ. ಸ್ವಲ್ಪ ದಿನ ಹಿಡಿಯುತ್ತದೆ, ಕೆಲಸಕ್ಕೆ ಸೇರಿಸಿಕೊಳ್ಳುವ ಮುಂಚೆಯೇ ಮಾಡಿಸಲಿ.